ರಂಗಿ ಬೆನ್ನುಜ್ಜಿದ ಮರ

ಶನಿವಾರ ಬೆಳಿಗ್ಗೆ ಧೃತಿ ಕುಮಾರಸ್ವಾಮಿ ಲೇಔಟಿನ ಆ ಅಡ್ಡರಸ್ತೆಗೆ ಸ್ಕೂಟರು ತಿರುಗಿಸಿದಾಗ ಅಲ್ಲಿನ ಮರಗಳೆಲ್ಲ ಸೀರೆ ಉಟ್ಟುಕೊಂಡು ನಿಂತಿದ್ದವು.

ಮೊದಲ ಹೊಂಗೆಮರಕ್ಕೆ ಹಳದಿ ಸೀರೆ, ಹಸಿರು ಅಂಚು. ಎರಡನೆಯದಕ್ಕೆ ಯಾರ್ಯಾರದೋ ಮದುವೆಯಲ್ಲಿ ಬಂದು ಪೆಟ್ಟಿಗೆ ಸೇರಿದ್ದ ರವಿಕೆ ಕಣಗಳನ್ನೇ ಒಂದಕ್ಕೊಂದು ಗಂಟು ಹಾಕಿ ಸುತ್ತಿದ್ದರು. ಮೂರನೆಯದರ ಕೊರಳಿಗೆ ಚೆಂಡುಹೂವಿನ ಹಾರ, ಹಣೆಗೆ ರೂಪಾಯಿಯಗಲ ಕುಂಕುಮ, ಬುಡದಲ್ಲಿ ಹಳೆಯ ಕ್ಯಾಲೆಂಡರಿನಿಂದ ಕತ್ತರಿಸಿದ ದೇವರ ಪಟ. ಮಾಗಿಯ ಎಳೆಬಿಸಿಲು ಎಲೆಗಳ ಸಂದಿಯಿಂದ ಇಳಿದು ಜರಿಯಂಚಿನ ಮೇಲೆ ಹಗುರಾಗಿ ಕೂತಿತ್ತು. ಇಡೀ ರಸ್ತೆ ಯಾವುದೋ ಮದುವೆಮನೆಗೆ ಹೊರಟು, ಹೊಸ್ತಿಲಲ್ಲಿ ಯಾರಿಗೋ ಕಾಯುತ್ತ ನಿಂತ ಹೆಂಗಸರ ಸಾಲಿನ ಹಾಗಿತ್ತು. ಧೃತಿ ಬಂದ ಕೆಲಸ ಮರೆತು ನೋಡುತ್ತ ನಿಂತಳು. ಚೆಂದ ಕಂಡರೆ ಹೊತ್ತು ಹೋಗುವುದೇ ತಿಳಿಯದ ಹುಡುಗಿ ಅವಳು.

ಆಮೇಲೆ ಅವಳ ಕಣ್ಣು ಕೆಳಗಿಳಿಯಿತು. ಸೀರೆಯ ಕೆಳಗೆ, ಬುಡದಿಂದ ಎದೆಮಟ್ಟದವರೆಗೆ, ಮರಗಳ ಮೈಗೆ ದಪ್ಪಗೆ ಅರಿಶಿನ ಬಳಿದಿತ್ತು. ಆಚೆಯ ಮೂರು ಮರಗಳಿಗೆ ಸುಣ್ಣ ಹೊಡೆದು ಮೇಲೊಂದು ಕೆಮ್ಮಣ್ಣಿನ ಪಟ್ಟೆ ಎಳೆದಿತ್ತು. ರಸ್ತೆಯ ತುದಿಯ ದೊಡ್ಡ ಮಾವಿನ ಮರದ ಬುಡದಲ್ಲಿ, ಸೆರಗನ್ನು ಸೊಂಟಕ್ಕೆ ಬಿಗಿದು, ಒಂದು ಕೈಯಲ್ಲಿ ಸುಣ್ಣದ ಬಕೆಟ್ಟು, ಇನ್ನೊಂದರಲ್ಲಿ ಬ್ರಷ್ಷು ಹಿಡಿದು ಲಕ್ಷ್ಮಿದೇವಮ್ಮ ನಿಂತಿದ್ದಳು. ಆ ಮರವೂ ಅದರ ಹಿಂದಿನ ಮೂರಂತಸ್ತಿನ ಮನೆಯೂ ಅವಳದೇ. ಲೇಔಟು ಬರುವ ಮೊದಲು ಇಲ್ಲಿದ್ದ ಅವಳ ಗಂಡನ ಮನೆಯ ಮಾವಿನ ತೋಪಿನಲ್ಲಿ ಉಳಿದದ್ದು ಇದೊಂದೇ ಮರ.

"ಅಜ್ಜಿ, ಒಂದ್ನಿಮಿಷ, ಆ ಮರಕ್ಕೆ ಹೊಡೀಬೇಡಿ." ಧೃತಿ ಸ್ಕೂಟರಿಗೆ ಸ್ಟ್ಯಾಂಡು ಹಾಕುವುದನ್ನೂ ಮರೆತು ಓಡಿದಳು. ಸ್ಕೂಟರು ತಾನಾಗಿಯೇ ಹೊಂಗೆಮರದ ಸೀರೆಗೆ ಒರಗಿಕೊಂಡಿತು.

ಲಕ್ಷ್ಮಿದೇವಮ್ಮ ತಿರುಗಿ ಅವಳನ್ನು ಕಾಲಿಂದ ತಲೆಯವರೆಗೆ ನೋಡಿದಳು. "ಬಂದ್ಯಾ ತಾಯಿ. ನಿನ್ನೇ ಕಾಯ್ತಿದ್ವಿ. ನಂಬರ್ ಬರೆದವಳು ನೀನೇ ಅಲ್ವಾ?"

ಧೃತಿಯೇ ಬರೆದವಳು. ಅದಕ್ಕೊಂದು ಹಿನ್ನೆಲೆಯಿದೆ.

ಮರದ ತೊಗಟೆಯ ಮೇಲೆ ಬೂದು, ಹಸಿರು, ಅಲ್ಲಲ್ಲಿ ಹಳದಿ ಮಚ್ಚೆಗಳ ಹಾಗೆ ಅಂಟಿಕೊಂಡಿರುವುದನ್ನು ನಾವೆಲ್ಲ ನೋಡಿಯೂ ನೋಡದೆ ಹೋಗುತ್ತೇವಲ್ಲ, ಅದರ ಹೆಸರು ಕಲ್ಲುಹೂವು. ಧೃತಿ ಓದುತ್ತಿದ್ದ ಸಂಸ್ಥೆಯಲ್ಲಿ ಅದನ್ನು ಲೈಕೆನ್ ಎನ್ನುತ್ತಿದ್ದರು. ಅದಕ್ಕೆ ಬೇರಿಲ್ಲ. ಗಾಳಿಯಲ್ಲಿ ತೇಲಿ ಬಂದದ್ದನ್ನೇ ಉಂಡು ಬದುಕುವ ಜೀವ. ಹಾಗಾಗಿ ಗಾಳಿ ಕೆಟ್ಟರೆ ಮೊದಲು ಜಾಗ ಖಾಲಿ ಮಾಡುವುದೂ ಅದೇ. ಬಿಟಿಎಂ ಲೇಔಟಿನ ಸಿಗ್ನಲ್ಲಿನಲ್ಲಿ, ಬನಶಂಕರಿ ಬಸ್ ನಿಲ್ದಾಣದ ಸುತ್ತ, ಜೆ.ಪಿ. ನಗರದ ಒಳರಸ್ತೆಗಳಲ್ಲಿ ಮತ್ತು ಇಲ್ಲಿ ಧೃತಿ ಮರಗಳನ್ನು ಆರಿಸಿಕೊಂಡಿದ್ದಳು. ಋತು ಬದಲಾದಾಗೆಲ್ಲ ಹೋಗಿ, ಪುಟ್ಟ ಪುಟ್ಟ ಚೌಕಗಳ ತಂತಿಯ ಜಾಲರಿಯನ್ನು ಮರದ ಮೈಗೆ ಹಿಡಿದು, ಯಾವ ಚೌಕದಲ್ಲಿ ಕಲ್ಲುಹೂವು ಇದೆ, ಯಾವುದರಲ್ಲಿ ಇಲ್ಲ ಎಂದು ಬರೆದುಕೊಳ್ಳುತ್ತಿದ್ದಳು. ಸಿಗ್ನಲ್ಲಿನ ಮರಗಳು ಈಗ ತಾನೇ ಮುಡಿ ಕೊಟ್ಟು ಬಂದವರ ತಲೆಯಷ್ಟು ಬೋಳು. ಈ ರಸ್ತೆಯ ಮರಗಳ ಮೇಲಾದರೋ ದೇಶ, ದ್ವೀಪ, ಸಮುದ್ರಗಳೆಲ್ಲ ಇರುವ ಭೂಪಟವೇ ಇತ್ತು. ಅದರಲ್ಲೂ ಆ ಮಾವು. ಅದರ ಎದುರು ನಿಂತರೆ ಧೃತಿಗೆ ಎಷ್ಟೋ ಸಲ ಅಳತೆ ಮರೆತು, ಈ ದ್ವೀಪದಿಂದ ಆ ದ್ವೀಪಕ್ಕೆ ದೋಣಿಯಲ್ಲಿ ಹೋಗಿಬರುವ ಮನಸ್ಸಾಗುತ್ತಿತ್ತು.

ಇವತ್ತು ಕೊನೆಯ ಅಳತೆ. ಇದನ್ನು ಸೇರಿಸಿದರೆ ಎರಡು ವರ್ಷದ ಕೆಲಸ ಮುಗಿಯುತ್ತಿತ್ತು. ಅವಳ ಲೆಕ್ಕದಲ್ಲಿ ಒಳ್ಳೆಯ ಗಾಳಿ ಎಂದರೆ ಈ ರಸ್ತೆ. ಇದು ಹೋದರೆ ಉಳಿದವುಗಳನ್ನು ಯಾವುದರ ಪಕ್ಕ ಇಟ್ಟು ನೋಡುವುದು?

ಆದರೆ ಈ ಎರಡು ವರ್ಷದಲ್ಲಿ ಅವಳು ಒಬ್ಬರಿಗೂ ಬಾಯಿ ಬಿಟ್ಟಿರಲಿಲ್ಲ. ಅವಳ ಗೈಡು ನಂದಕುಮಾರ್ ಅವರ ಕಟ್ಟಪ್ಪಣೆ ಅದು: ಪೇಪರ್ ಬರೋ ತನಕ ಯಾರ ಹತ್ತಿರವೂ ಮಾತು ಬೇಡ. ರಸ್ತೆಯವರು ಗೇಟಿಗೆ ಒರಗಿ, "ಏನಮ್ಮಾ ನೋಡ್ತಿದ್ದೀಯ?" ಎಂದು ಕೇಳಿದಾಗೆಲ್ಲ ಧೃತಿ, "ರಿಪೋರ್ಟ್ ಇನ್ನೂ ಬಂದಿಲ್ಲ ಆಂಟಿ, ಬಂದ ಮೇಲೆ ನಿಮಗೇ ಗೊತ್ತಾಗತ್ತೆ" ಎಂದು ನಕ್ಕು, ಮಾಸ್ಕು ಮೇಲೆಳೆದುಕೊಂಡು ಹೊರಟುಬಿಡುತ್ತಿದ್ದಳು. ಹೋದ ವಾರ ಬಂದಾಗ ಮರಗಳ ಮೇಲಿನ ಹಳೆಯ ಸಂಖ್ಯೆಗಳು ಮಾಸಿದ್ದವು. ಹಳದಿ ಬಣ್ಣ ಮುಗಿದಿತ್ತು. ಅಂಗಡಿಯವನು ಕೆಂಪು ಕೊಟ್ಟ. ಕೊನೆಯ ಸಲವಲ್ಲವೇ, ಚೆನ್ನಾಗಿ ಕಾಣಲಿ ಎಂದು ದೊಡ್ಡದಾಗಿ ಬರೆದುಹೋಗಿದ್ದಳು.

ಮರದ ಮೈಮೇಲೆ ಕೆಂಪಕ್ಷರದ ನಂಬರು ಕಂಡರೆ ಈ ಭಾಗದ ಜನ ಏನೆಂದುಕೊಳ್ಳುತ್ತಾರೆ ಎಂಬುದು ಅವಳ ತಲೆಗೆ ಹೊಳೆಯಲೇ ಇಲ್ಲ. ರಸ್ತೆ ಅಗಲವಾಗುತ್ತದೆ, ಇಂದು ನಂಬರು, ನಾಳೆ ಗರಗಸ.

"ಅಲ್ಲಾ ಕೂಸೇ," ಲಕ್ಷ್ಮಿದೇವಮ್ಮ ಬಕೆಟ್ಟು ಕೆಳಗಿಟ್ಟಳು. "ಎರಡು ವರ್ಷದಿಂದ ಬರ್ತೀಯ. ಒಂದು ದಿನ ಮಜ್ಜಿಗೆ ಕುಡಿ ಬಾ ಅಂದ್ರೂ ಬರ್ಲಿಲ್ಲ. ಮರಾನ ಮುಟ್ಟಿ ಮುಟ್ಟಿ ನೋಡೋಳು. ಕಡಿಯೋಕೆ ಮುಂಚೆ ಕುರಿ ಮೈ ಹಿಂಗೇ ಮುಟ್ಟಿ ನೋಡೋದು."

"ನಾನು ಕಡಿಯೋಳಲ್ಲ ಅಜ್ಜಿ."

"ಯಾರೂ ಹಂಗೆ ಹೇಳ್ಕೊಂಡು ಬರಲ್ಲ."

ಅಷ್ಟರಲ್ಲಿ ಎದುರು ಮನೆಯ ಸೇತುರಾಮ ಬಂದರು. ಬ್ಯಾಂಕಿನಿಂದ ನಿವೃತ್ತರಾದವರು, ರಸ್ತೆಯ ಸಂಘದ ಕಾರ್ಯದರ್ಶಿ. ಬಸವನಗುಡಿಯಿಂದ ಇಲ್ಲಿಗೆ ಬಂದು ಮೂರು ದಶಕವಾದರೂ ಕಾಫಿಪುಡಿಗೆ ಈಗಲೂ ಅಲ್ಲಿಗೇ ಹೋಗುವವರು. ಅವರು ಮರಗಳ ಸಾಲನ್ನು ಹೆಮ್ಮೆಯಿಂದ ತೋರಿಸಿದರು. "ನೋಡಮ್ಮ, ಈ ಪಟದ ಐಡಿಯಾ ನನ್ನದು. ಮೂಲೆ ಗೋಡೆ ಹತ್ರ ಜನ ನಿಲ್ತಿದ್ರು, ಗೊತ್ತಲ್ಲ, ಯಾತಕ್ಕೆ ಅಂತ. ಒಂದು ದೇವರ ಪಟ ಅಂಟಿಸಿದೆ. ಆವತ್ತಿಂದ ಒಬ್ಬ ನಿಂತಿಲ್ಲ. ಗೋಡೆಗೆ ಆಗಿದ್ದು ಮರಕ್ಕೆ ಆಗಲ್ವೇ? ಗುಡಿ ಹಾಗೆ ಸುಣ್ಣ-ಕೆಮ್ಮಣ್ಣು ಬಳಿದು ಸೀರೆ ಉಟ್ಟ ಮರಕ್ಕೆ ಯಾವನು ಗರಗಸ ಇಡ್ತಾನೆ?"

"ಅಂಕಲ್, ಇದು ರಸ್ತೆ ಅಗಲ ಮಾಡೋದಕ್ಕಲ್ಲ. ನಾನು ಎಪಿಫೈಟಿಕ್ ಲೈಕೆನ್‌ಗಳ ಸ್ಪೀಷೀಸ್ ರಿಚ್‌ನೆಸ್ಸು, ಅಂದ್ರೆ ಒಂದು ಅರ್ಬನ್ ಗ್ರೇಡಿಯೆಂಟ್‌ನಲ್ಲಿ..."

ಸೇತುರಾಮ ಕನ್ನಡಕ ತೆಗೆದು ಒರೆಸಿದರು. "ನಾನು ಲೋನ್ ಕೊಡಲ್ಲ ಅನ್ನೋದನ್ನ ಇದಕ್ಕಿಂತ ಸುಲಭವಾಗಿ ಹೇಳ್ತಿದ್ದೆನಮ್ಮ."

ಲಕ್ಷ್ಮಿದೇವಮ್ಮ ಬ್ರಷ್ಷನ್ನು ಮತ್ತೆ ಸುಣ್ಣಕ್ಕೆ ಅದ್ದಿದಳು. ಬ್ರಷ್ಷಿನ ತುದಿಯಿಂದ ಒಂದು ಹನಿ ಮಾವಿನ ಬೇರಿನ ಮೇಲೆ ಬಿತ್ತು. ಧೃತಿ ಏನೂ ತೋಚದೆ ಮರಕ್ಕೂ ಅವಳಿಗೂ ನಡುವೆ ಹೋಗಿ ನಿಂತುಬಿಟ್ಟಳು.

"ಅಜ್ಜಿ, ಸುಣ್ಣ ಬಿದ್ರೆ ಇದ್ರ ಮೇಲಿರೋದೆಲ್ಲ ಸತ್ತೋಗತ್ತೆ. ನನ್ನ ಎರಡು ವರ್ಷದ ಕೆಲಸ ಇದ್ರ ಮೇಲಿದೆ. ಪ್ಲೀಸ್."

ಆ ದನಿಯಲ್ಲಿ ಮೊದಲ ಬಾರಿ ರಿಪೋರ್ಟು ಇರಲಿಲ್ಲ, ಒಬ್ಬ ಹುಡುಗಿ ಇದ್ದಳು. ಲಕ್ಷ್ಮಿದೇವಮ್ಮನ ಕೈ ನಿಂತಿತು. ಅವಳು ಮರ ನೋಡಿದಳು, ಹುಡುಗಿಯನ್ನು ನೋಡಿದಳು.

"ಸರಿ. ಸಂಜೆ ಇಲ್ಲೇ ಮರದ ಪೂಜೆ ಇಟ್ಕೊಂಡಿದೀವಿ. ರಸ್ತೆಯೋರೆಲ್ಲ ಬರ್ತಾರೆ. ನೀನು ಮಾಡ್ತಿರೋದು ಏನು ಅಂತ ನಮಗೆ ತಿಳಿಯೋ ಹಂಗೆ ಹೇಳು. ತಿಳೀತು ಅಂದ್ರೆ ಸುಣ್ಣ ಬೇಡ. ತಿಳೀಲಿಲ್ಲ ಅಂದ್ರೆ ನಾನು ನನ್ನ ಮರಾನ ನನಗೆ ಗೊತ್ತಿರೋ ಹಂಗೆ ಕಾಪಾಡ್ಕೊತೀನಿ."

ನ್ಯಾಯವಾದ ಮಾತು.

ಧೃತಿ ಜಯನಗರದ ಮನೆಗೆ ಹೋಗಿ ಗೈಡಿಗೆ ಫೋನ್ ಮಾಡಿದಳು. ನಂದಕುಮಾರ್ ಕೆಟ್ಟವರೇನಲ್ಲ. ಆದರೆ ಯಾವ ವಾಕ್ಯಕ್ಕೂ ಹಿಂದೊಂದು ಮುಂದೊಂದು ಕಾವಲುಗಾರನನ್ನು ನಿಲ್ಲಿಸದೆ ಹೊರಗೆ ಕಳಿಸುವವರಲ್ಲ.

"ಪೂಜೇಲಿ ಪ್ರೆಸೆಂಟೇಶನ್ನಾ?" ಎಂದರು. "ಧೃತಿ, ವಿಜ್ಞಾನ ಅಂದ್ರೆ ಹರಿಕಥೆ ಅಲ್ಲ."

"ಗೊತ್ತು ಸರ್. ಆದ್ರೆ ಹೇಳ್ದೇ ಇದ್ರೆ ಸುಣ್ಣ ಹೊಡೀತಾರೆ."

"ಸರಳ ಮಾಡೋಕೆ ಹೋದ್ರೆ ತಪ್ಪು ನುಸುಳತ್ತೆ. ಆಮೇಲೆ ಅದೇ ವಾಟ್ಸಾಪಲ್ಲಿ ಊರೆಲ್ಲ ಸುತ್ತತ್ತೆ. ನಮ್ಮ ಪೇಪರ್ ಮುಂದಿನ ವಾರ ಹೋಗ್ಬೇಕು. ಗಾಳಿ ದಿಕ್ಕಿನ ಭಾಗ ಅಂತೂ ಅದ್ಭುತವಾಗಿ ಬಂದಿದೆ. ಈಗ ಯಾಕೆ ರಿಸ್ಕು? ಬಿಟ್ಟುಬಿಡು, ಬೇರೆ ರಸ್ತೆ ನೋಡೋಣ."

"ಬೇರೆ ರಸ್ತೆ ಅಂದ್ರೆ ಮತ್ತೆ ಎರಡು ವರ್ಷ ಸರ್."

ಆ ಕಡೆಯಿಂದ ನಿಟ್ಟುಸಿರು ಬಂತು. "ಹೇಳೋದಾದ್ರೆ ಸ್ಲೈಡ್ ಇಟ್ಕೊಂಡು ಹೇಳು. ಸ್ಲೈಡ್ ಬಿಟ್ಟು ಆಚೆ ಈಚೆ ಹೋಗ್ಬೇಡ."

ಸಂಜೆ ಮಾವಿನ ಮರದ ಕೆಳಗೆ ಚಾಪೆ ಹಾಸಿತ್ತು. ಲಕ್ಷ್ಮಿದೇವಮ್ಮನ ಸೊಸೆ ಚೈತ್ರ ಪಾನಕ, ಕೋಸಂಬರಿ ಹಂಚುತ್ತಿದ್ದಳು. ಬ್ಯೂಟಿ ಪಾರ್ಲರು ನಡೆಸುವ ಅವಳ ಹುಬ್ಬುಗಳು ಸದಾ ಏನನ್ನೋ ಕೇಳುತ್ತಿರುವಂತೆ ಮೇಲೇರಿರುತ್ತಿದ್ದವು. ಹೆಂಗಸರು, ಮಕ್ಕಳು, ವಾಕಿಂಗಿಗೆ ಹೊರಟು ಇಲ್ಲೇ ಉಳಿದ ಗಂಡಸರು, ಎಲ್ಲರೂ ಕೂತಿದ್ದರು. ಸುಣ್ಣದ ಬಕೆಟ್ಟೂ ಒಂದು ಬದಿಗೆ, ಕರೆಯದೆ ಬಂದ ನೆಂಟನ ಹಾಗೆ ಕೂತಿತ್ತು.

ಧೃತಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟಳು. ಇಳಿಬಿಸಿಲು ಪರದೆಯ ಮೇಲೇ ಬಿದ್ದು, ಕಂಡದ್ದು ಅವಳದೇ ಮುಖ.

"ಎಲ್ಲರಿಗೂ ನಮಸ್ಕಾರ. ಲೈಕೆನ್‌ಗಳು ಸಿಂಬಯಾಟಿಕ್ ಆರ್ಗನಿಸಮ್‌ಗಳು. ಇವುಗಳ ಡಿಸ್ಟ್ರಿಬ್ಯೂಶನ್ನಿಗೂ ವಾತಾವರಣದ ನೈಟ್ರೋಜನ್ ಆಕ್ಸೈಡಿಗೂ ಕೋರಿಲೇಶನ್..."

ಕೋಸಂಬರಿ ತಿನ್ನುವ ಸದ್ದು ಕೇಳಿಸಿತು. ಒಂದು ಮಗು ಲ್ಯಾಪ್‌ಟಾಪಿನ ಹಿಂದೆ ಹೋಗಿ ಅಲ್ಲಿ ಏನಾದರೂ ಇದೆಯೋ ಎಂದು ಇಣುಕಿತು. ಸೇತುರಾಮ ಮೆಲ್ಲಗೆ, "ಪೂರ್ತಿ ಇಂಗ್ಲಿಷಿನಲ್ಲೇ ಹೇಳಿಬಿಡಮ್ಮ ಪರವಾಗಿಲ್ಲ, ಆಗಲೂ ನಮಗೆ ಅರ್ಥ ಆಗಲ್ಲ" ಎಂದರು. ನಗು ಎದ್ದಿತು. ಲಕ್ಷ್ಮಿದೇವಮ್ಮ ಮಾತ್ರ ನಗಲಿಲ್ಲ. ಅವಳು ಕಾಯುತ್ತಿದ್ದಳು, ಹೂಗಾರನ ಲೆಕ್ಕ ಸರಿಯಿದೆಯೋ ಇಲ್ಲವೋ ಎಂದು ಕಾಯುವವಳ ಹಾಗೆ.

ಧೃತಿ ಮುಂದಿನ ಸ್ಲೈಡಿಗೆ ಹೋದಳು. ಅದರ ಮುಂದಿನದಕ್ಕೂ ಹೋದಳು. ಅಲ್ಲಿ ಏನಿದೆ ಎಂದು ಅವಳಿಗೂ ಕಾಣಿಸಲಿಲ್ಲ. ತಲೆ ಎತ್ತಿದಳು. ಎದುರಿಗೆ ಮಾವಿನ ಮರ ನಿಂತಿತ್ತು, ಅವಳ ದ್ವೀಪಗಳೆಲ್ಲ ಮೈತುಂಬ. ಎರಡು ವರ್ಷ ಅವಳು ಒಬ್ಬಳೇ ನೋಡಿದ್ದು, ಯಾರಿಗೂ ತೋರಿಸದೆ ಇಟ್ಟುಕೊಂಡಿದ್ದು. ಇಷ್ಟು ಜನ ಇಷ್ಟು ಹತ್ತಿರ ಕೂತಿದ್ದಾರೆ, ತಾನು ಯಾಕೆ ಪರದೆ ತೋರಿಸುತ್ತಿದ್ದೇನೆ ಎನ್ನಿಸಿತು. ಲ್ಯಾಪ್‌ಟಾಪನ್ನು ಮುಚ್ಚಿದಳು.

"ಅಜ್ಜಿ, ಇಲ್ಲಿ ಬನ್ನಿ."

ಚೀಲದಿಂದ ಭೂತಗನ್ನಡಿ ತೆಗೆದು ಲಕ್ಷ್ಮಿದೇವಮ್ಮನ ಕೈಗೆ ಕೊಟ್ಟಳು. ಮರದ ಪೂರ್ವದ ಮಗ್ಗುಲಲ್ಲಿ, ಅಂಗೈಯಗಲದ ಒಂದು ಬೂದು ಮಚ್ಚೆಯ ಹತ್ತಿರ ಅವಳನ್ನು ನಿಲ್ಲಿಸಿದಳು. "ಕಣ್ಣು ಕನ್ನಡಿ ಹತ್ರ, ಕನ್ನಡಿ ಮರದ ಹತ್ರ. ಏನ್ ಕಾಣತ್ತೆ?"

"ಬೂದಿ ಬಣ್ಣದ್ದು. ಒಣಗಿರೋ ಎಲೆಕೋಸಿನ ಹಂಗೆ, ಅಂಚು ಮಡಿಸ್ಕೊಂಡಿದೆ."

"ಹಾಗೇ ನೋಡ್ತಾ ಇರಿ." ಧೃತಿ ಪೂಜೆಗಿಟ್ಟ ಚೊಂಬಿನಿಂದ ನಾಲ್ಕು ಹನಿ ನೀರು ಚಿಮುಕಿಸಿದಳು.

ಲಕ್ಷ್ಮಿದೇವಮ್ಮ ಮರಕ್ಕೆ ಇನ್ನಷ್ಟು ಬಾಗಿದಳು. ಆಮೇಲೆ ಕಣ್ಣು ತೆಗೆಯದೆಯೇ ಕೈ ಹಿಂದೆ ಚಾಚಿ, "ಚೈತ್ರಾ, ಬಾ ಇಲ್ಲಿ. ಹಸಿರಾಗ್ತಾ ಐತೆ ಕಣೇ. ನನ್ನ ಕಣ್ಣ ಮುಂದೇನೇ" ಎಂದಳು.

ಚೈತ್ರ ಓಡಿ ಬಂದಳು. ಅವಳ ಹಿಂದೆ ಮಕ್ಕಳು, ಮಕ್ಕಳ ಹಿಂದೆ ತಾಯಂದಿರು. ಚಾಪೆ ಖಾಲಿಯಾಯಿತು. ಮಾವಿನ ಮರದ ಸುತ್ತ ಪ್ರಸಾದಕ್ಕೆ ನಿಲ್ಲುವ ಹಾಗೆ ಸಾಲು ನಿಂತಿತು. ಒಬ್ಬೊಬ್ಬರೂ ಒಂದೊಂದು ಮಚ್ಚೆ ಹಿಡಿದು ನೀರು ಹಾಕಿ, ಅದು ಎದ್ದು ಕಣ್ಣು ಬಿಡುವುದನ್ನು ನೋಡಿದರು.

"ಒಳಗೆ ಯಾರಿದ್ದಾರೆ?" ಎಂದು ಒಂದು ಮಗು ಕೇಳಿತು.

ಧೃತಿಗೆ ಆ ಪ್ರಶ್ನೆ ಬಹಳ ಇಷ್ಟವಾಯಿತು. ಅವಳು ಮಗುವಿನ ಪಕ್ಕ ಕುಕ್ಕರುಗಾಲಲ್ಲಿ ಕೂತಳು.

"ಇಬ್ಬರಿದ್ದಾರೆ ಪುಟ್ಟಾ. ಒಬ್ಬ ಬೂಷ್ಟಪ್ಪ. ಹಳೇ ಬ್ರೆಡ್ಡಿನ ಮೇಲೆ ಬರತ್ತಲ್ಲ, ಆ ಬೂಷ್ಟು. ಮನೆ ಕಟ್ಟೋದ್ರಲ್ಲಿ ಎತ್ತಿದ ಕೈ. ಕಲ್ಲಿಗೆ ಕಟ್ತಾನೆ, ಮರಕ್ಕೆ ಕಟ್ತಾನೆ, ನೀರು ಹಿಡಿದಿಡ್ತಾನೆ. ಆದ್ರೆ ಪಾಪ, ಅಡುಗೆ ಬರಲ್ಲ. ಇನ್ನೊಬ್ಬಳು ಪಾಚಮ್ಮ. ಬಚ್ಚಲ ಕಲ್ಲ ಮೇಲೆ ಜಾರತ್ತಲ್ಲ, ಆ ಪಾಚಿ. ಅವಳಿಗೆ ಒಂಚೂರು ಬಿಸಿಲು ಸಿಕ್ಕಿದ್ರೆ ಗಾಳಿ-ನೀರಲ್ಲೇ ಅಡುಗೆ ಮಾಡ್ಬಿಡ್ತಾಳೆ. ಆದ್ರೆ ತಲೆ ಮೇಲೆ ಸೂರಿಲ್ಲ, ಬೇಸಿಗೆ ಬಂದ್ರೆ ಒಣಗಿ ಹೋಗ್ತಾಳೆ. ಅದಕ್ಕೆ ಇಬ್ಬರೂ ಒಂದಾದ್ರು. ಈಗ ನೀನು ನೀರು ಹಾಕ್ದಾಗ ಮನೆ ಗೋಡೆ ಗಾಜಿನ ಥರ ಆಯ್ತು. ಹಸಿರಾಗಿ ಕಂಡಿದ್ದು ಒಳಗಿರೋ ಪಾಚಮ್ಮ."

"ಅಲ್ಲೂ ಅಡುಗೆ ಹೆಂಗಸೇ ಮಾಡ್ಬೇಕಾ?" ಚೈತ್ರಳ ಹುಬ್ಬು ಇನ್ನೂ ಮೇಲೇರಿತು.

"ಬೇಡ, ಪಾಚಪ್ಪ ಅಂತ್ಲೇ ಇಟ್ಕೊಳಿ. ವಿಜ್ಞಾನಕ್ಕೆ ಏನೂ ಅಭ್ಯಂತರ ಇಲ್ಲ." ಧೃತಿ ನಕ್ಕಳು. ಆಮೇಲೆ ಗೈಡಿನ ನೆನಪಾಗಿ, "ಇದು ನಾನು ಹೇಳ್ತಿರೋ ಕಥೆ ಅಷ್ಟೇ. ಪಾಚಿ ಅಲ್ಲಿ ಖುಷಿಯಾಗಿದೆಯಾ, ಇಲ್ಲ ಬೂಷ್ಟು ಅದನ್ನ ಕಟ್ಟಿಹಾಕ್ಕೊಂಡಿದೆಯಾ ಅಂತ ವಿಜ್ಞಾನಿಗಳು ಇವತ್ತಿಗೂ ಜಗಳ ಆಡ್ತಾರೆ" ಎಂದು ಸೇರಿಸಿದಳು.

"ಮದುವೆ ಅಂದ್ಮೇಲೆ ಆ ಅನುಮಾನ ಇದ್ದದ್ದೇ," ಎಂದಳು ಲಕ್ಷ್ಮಿದೇವಮ್ಮ. ಈ ಸಲ ನಕ್ಕವರಲ್ಲಿ ಅವಳೂ ಇದ್ದಳು.

ಚೈತ್ರ ಮಚ್ಚೆಯ ಅಂಚನ್ನು ಮೂಸಿ ನೋಡಿದಳು. "ಅತ್ತೆ, ಇದು ನಾವು ಮಸಾಲೆಗೆ ಹುರಿದು ಹಾಕೋ ಕಲ್ಲುಹೂವಲ್ವಾ?"

"ಅದ್ರ ದಾಯಾದಿ," ಎಂದಳು ಧೃತಿ.

"ಹಂಗಾದ್ರೆ ಸುಮ್ನೆ ಅಂಗಡಿಗೆ ಯಾಕೆ ಹೋಗೋದು, ಕೆರೆದು..." ಎಂದಳು ಲಕ್ಷ್ಮಿದೇವಮ್ಮ.

"ಅಯ್ಯೋ ಬೇಡ ಅಜ್ಜಿ. ಇದು ಗಾಳೀಲಿ ಬಂದಿದ್ದನ್ನೆಲ್ಲ ಒಳಗಿಟ್ಕೊಂಡಿರತ್ತೆ. ಬಸ್ಸಿನ ಹೊಗೇನೂ ಸೇರಿ."

"ಬಸ್ ಹೊಗೆ ಬಿಸಿಬೇಳೆಬಾತು," ಎಂದರು ಸೇತುರಾಮ. "ಕೆಲವು ಹೋಟೆಲ್ಲಲ್ಲಿ ತಿಂದ ಹಾಗೇ ಇದೆ."

ಆಮೇಲೆ ಧೃತಿ ಗಾಳಿಯ ವಿಷಯ ಹೇಳಿದಳು. ಸಿಗ್ನಲ್ಲಿನ ಬೋಳು ಮರಗಳನ್ನು, ಈ ರಸ್ತೆಯ ಮೈತುಂಬಿದ ಮರಗಳನ್ನು ಹೇಳಿದಳು. "ನಿಮ್ಮ ರಸ್ತೆ ಗಾಳಿ ಚೆನ್ನಾಗಿದೆ ಅಂತ ನಾನು ಹೇಳ್ತಿಲ್ಲ, ಈ ಮರ ಹೇಳ್ತಿದೆ" ಎಂದಾಗ, ಸೇತುರಾಮ ಎದೆಯುಬ್ಬಿಸಿ ಒಂದು ದೀರ್ಘ ಉಸಿರೆಳೆದುಕೊಂಡರು, ಆ ಗಾಳಿಯನ್ನು ತಾವೇ ಡೆಪಾಸಿಟ್ ಇಟ್ಟಿದ್ದ ಹಾಗೆ. "ನಂಬರು ನಾನು ಮರ ಗುರುತು ಹಿಡಿಯೋಕೆ ಹಾಕಿದ್ದು. ಮೊದಲೇ ಹೇಳ್ಬೇಕಿತ್ತು" ಎಂದಳು.

"ಹೇಳ್ಬೇಕಿತ್ತು," ಲಕ್ಷ್ಮಿದೇವಮ್ಮ ಅಷ್ಟಕ್ಕೇ ಬಿಟ್ಟಳು.

ಮಾತು ಹರಿಯುತ್ತಿತ್ತು. ಧೃತಿಯ ಕಾಲು ನೆಲದ ಮೇಲಿರಲಿಲ್ಲ. ಹುರುಪಿನಲ್ಲಿ ಎಲ್ಲರನ್ನೂ ಮರದ ಪಶ್ಚಿಮದ ಮಗ್ಗುಲಿಗೆ ಕರೆದೊಯ್ದಳು. ಅಲ್ಲಿ ಸೊಂಟದಿಂದ ಎದೆಯವರೆಗಿನ ತೊಗಟೆ ನುಣ್ಣಗೆ, ಬರಿದಾಗಿ, ಹಳೆಯ ಕಂಬದ ಹಾಗೆ ಹೊಳೆಯುತ್ತಿತ್ತು. ಅವಳ ಜಾಲರಿಯ ಚೌಕಗಳಲ್ಲಿ ಪ್ರತಿ ಸಲವೂ ಬರೀ ಸೊನ್ನೆ ಬಂದ ಜಾಗ.

"ಈಗ ಇಲ್ಲಿ ನೋಡಿ. ಒಂದೇ ಮರ, ಆ ಕಡೆ ತುಂಬಿದೆ, ಈ ಕಡೆ ಬೋಳು. ಯಾಕೆ ಅಂದ್ರೆ ಪಶ್ಚಿಮದ ಗಾಳಿ ಉತ್ತರಹಳ್ಳಿ ರಸ್ತೆ ಹೊಗೇನ ತಂದು ಈ ಮಗ್ಗುಲಿಗೇ ಹೊಡಿಯತ್ತೆ. ನಮ್ಮ ಸಾರ್ ಇದ್ರ ಮೇಲೆ ಒಂದು ಇಡೀ ಪುಟ ಬರ್ದಿದಾರೆ."

ಲಕ್ಷ್ಮಿದೇವಮ್ಮ ಆ ನುಣುಪಾದ ಜಾಗದ ಮೇಲೆ ಅಂಗೈ ಇಟ್ಟಳು. ಅವಳ ಮುಖ ಮೆತ್ತಗಾಯಿತು.

"ಗಾಳಿ ಅಲ್ಲ ಮಗಾ. ಇದು ರಂಗಿ."

"ಯಾರು ಅಜ್ಜಿ?"

"ನಮ್ಮೆಮ್ಮೆ. ಇಲ್ಲೇ ಕಟ್ತಿದ್ದಿದ್ದು. ದಿನಾ ಬೆಳಗ್ಗೆ ಹಾಲು ಕರೆದು ಬಿಟ್ರೆ ಸಾಕು, ಈ ಮಗ್ಗುಲಿಗೆ ಬೆನ್ನು ಕೊಟ್ಟು ಉಜ್ಜೋಳು ಉಜ್ಜೋಳು, ಕಣ್ಣು ಮುಚ್ಕೊಂಡು. ಮರವೇ ಅಲ್ಲಾಡೋದು. ಚೈತ್ರ ಮದುವೆಯಾಗಿ ಬಂದಾಗ ಮೊದಲ್ನೇ ದಿನ ಇದನ್ನ ನೋಡಿ ಭೂಕಂಪ ಅಂತ ಓಡ್ಹೋಗಿದ್ಲು."

"ನಿಜ," ಎಂದಳು ಚೈತ್ರ. "ಕೈಯಲ್ಲಿ ಆರತಿ ತಟ್ಟೆ ಇತ್ತು."

ಎಲ್ಲರೂ ನಕ್ಕರು. ಧೃತಿ ನಗಲಿಲ್ಲ. ಅವಳು ಆ ಬೋಳು ಜಾಗವನ್ನು ಹೊಸದಾಗಿ ನೋಡುತ್ತಿದ್ದಳು. ಮೇಲಂಚು ಒಂದೇ ಮಟ್ಟದಲ್ಲಿ, ಗೆರೆ ಎಳೆದ ಹಾಗೆ ನಿಂತಿತ್ತು. ಗಾಳಿ ಗೆರೆ ಎಳೆಯುವುದಿಲ್ಲ. ಇದು ಅವಳಿಗೆ ಮೊದಲೂ ಕಂಡಿತ್ತು, ಉತ್ತರ ಸಿಕ್ಕಿರಲಿಲ್ಲ. ಅವಳು ಅಲ್ಲೇ ನಿಂತು ನಂದಕುಮಾರ್ ಅವರಿಗೆ ಫೋನ್ ಮಾಡಿ, ಸ್ಪೀಕರಿಗೆ ಹಾಕಿದಳು.

"ಸರ್, ಗಾಳಿ ಅಲ್ಲ. ಎಮ್ಮೆ."

"ಏನು?"

"ಪಶ್ಚಿಮದ ಮಗ್ಗುಲು ಸರ್. ಎಮ್ಮೆ ಬೆನ್ನು ಉಜ್ಜುತಿತ್ತಂತೆ."

ಫೋನಿನಲ್ಲಿ ನಿಶ್ಶಬ್ದ. ಅಷ್ಟು ಹೊತ್ತಿನ ನಿಶ್ಶಬ್ದದಲ್ಲಿ ಒಂದು ಇಡೀ ಪುಟ ಹರಿದು ಚೂರಾಗಿ ಬೀಳುವುದನ್ನು ಧೃತಿ ಕಣ್ಣಾರೆ ಕಂಡಂತಾಯಿತು. ಬೈಯುತ್ತಾರೆ ಎಂದು ತುಟಿ ಕಚ್ಚಿ ಕಾದಳು.

"ಎಮ್ಮೆ ಎಷ್ಟು ಎತ್ತರ ಇತ್ತು ಕೇಳು," ಎಂದರು ನಂದಕುಮಾರ್.

ಲಕ್ಷ್ಮಿದೇವಮ್ಮ ಪ್ರಶ್ನೆ ಮುಗಿಯುವ ಮೊದಲೇ ಕೈಯನ್ನು ಅಡ್ಡ ಹಿಡಿದು, ರಂಗಿಯ ಬೆನ್ನಿನ ಎತ್ತರ ತೋರಿಸಿದಳು. ಆ ಕೈ ಬೋಳು ಜಾಗದ ಮೇಲಂಚಿಗೆ ಸರಿಯಾಗಿ ಕೂತಿತು.

"ಸರಿಯಾಗಿ ಅಲ್ಲಿಗೇ ಬರತ್ತೆ ಸರ್."

ಆಗ ಫೋನಿನಿಂದ ಒಂದು ಸದ್ದು ಬಂತು. ಧೃತಿ ಅವರ ಹತ್ತಿರ ಕೆಲಸಕ್ಕೆ ಸೇರಿದಂದಿನಿಂದ ಕೇಳಿರದ ಸದ್ದು. ನಂದಕುಮಾರ್ ನಗುತ್ತಿದ್ದರು. ಕೆಮ್ಮು ಬರುವಷ್ಟು ನಕ್ಕರು. "ಅದನ್ನ ಕಳಿಸಿಬಿಡ್ತಿದ್ವಲ್ಲೇ ಮಾರಾಯ್ತಿ," ಎಂದರು. "ನಾಳೆ ಬೆಳಿಗ್ಗೆ ನಾನೂ ಬರ್ತೀನಿ. ಆ ಅಮ್ಮಂಗೆ ಹೇಳು, ಸುಣ್ಣ ಮಾತ್ರ ಹೊಡೀಬೇಡಿ ಅಂತ."

"ಬರೋರು ತಿಂಡಿಗೇ ಬರ್ಲಿ," ಎಂದಳು ಲಕ್ಷ್ಮಿದೇವಮ್ಮ ಫೋನಿನ ಹತ್ತಿರ ಬಾಗಿ. ಆಮೇಲೆ ಬಕೆಟ್ಟನ್ನು ಎತ್ತಿ ಸೇತುರಾಮರ ಕೈಗಿಟ್ಟಳು. "ನಿಮ್ಮ ಕಾಂಪೌಂಡಿಗೆ ಹೊಡ್ಕೊಳಿ ಸ್ವಾಮಿ. ಅಲ್ಲಿ ಯಾವ ಪಾಚಮ್ಮನೂ ಇಲ್ಲ."

"ಇದ್ದಾಳೋ ಏನೋ, ನೋಡದೆ ಹೊಡೆಯೋ ಹಾಗಿಲ್ಲ ಇನ್ನು," ಎಂದು ಸೇತುರಾಮ ಬಕೆಟ್ಟು ಹಿಡಿದೇ ಹೊರಟರು.

ಆಗಲೇ ಸುಣ್ಣ ಕಂಡ ಮೂರು ಮರಗಳ ಮಾತು ಬಂತು. ಅವು ಕೈಬಿಟ್ಟ ಹಾಗೆಯೇ ಎಂದು ಧೃತಿ ಮುಚ್ಚುಮರೆಯಿಲ್ಲದೆ ಹೇಳಿದಳು. ಅರಿಶಿನದ ಮರಗಳನ್ನು ಮೆಲ್ಲಗೆ ತೊಳೆದು ನೋಡಬಹುದು ಎಂದಳು. ಲಕ್ಷ್ಮಿದೇವಮ್ಮ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು. ಚೈತ್ರ, "ಸುಣ್ಣ ಹೊಡೆದ ಮೇಲೆ ವಾಪಸ್ ಬರೋಕೆ ಎಷ್ಟು ವರ್ಷ ಬೇಕು, ಅದು ಗೊತ್ತಾ ನಿಮಗೆ?" ಎಂದು ಕೇಳಿದಳು.

ಧೃತಿಗೆ ಗೊತ್ತಿರಲಿಲ್ಲ.

"ಮತ್ತೆ ಅದನ್ನೂ ನೋಡೋಣ," ಎಂದಳು ಚೈತ್ರ. "ನಾವಿಲ್ಲೇ ಇರ್ತೀವಲ್ಲ."

ಭಾನುವಾರ ಬೆಳಿಗ್ಗೆ ಅಳತೆ ಶುರುವಾದಾಗ ಅದು ಅಳತೆಯ ಹಾಗಿರಲೇ ಇಲ್ಲ. ಮಕ್ಕಳು ಜಾಲರಿಯ ನಾಲ್ಕು ಮೂಲೆ ಹಿಡಿದರು. ಸೇತುರಾಮ ಕುರ್ಚಿ ಹಾಕಿಕೊಂಡು ಕೂತು, ಕ್ಲಬ್ಬಿನಲ್ಲಿ ಹೌಸಿ ಆಟದ ನಂಬರು ಕೂಗುವ ಧಾಟಿಯಲ್ಲಿ ಒಂದೊಂದು ಚೌಕವನ್ನೂ ಕೂಗಿದರು. ಇಡ್ಲಿ ತಿಂದು ಬಂದ ನಂದಕುಮಾರ್ ಮೊದಮೊದಲು ಕೈಕಟ್ಟಿ ದೂರ ನಿಂತಿದ್ದರು. ಆಮೇಲೆ ಒಂದು ಮಗು ಅವರ ಪ್ಯಾಂಟು ಜಗ್ಗಿ, ಕೆಲವು ಹಳದಿ, ಕೆಲವು ಬೂದು ಯಾಕೆ ಎಂದು ಕೇಳಿತು. "ಅದು ಸಂಕೀರ್ಣವಾದ ವಿಷಯ" ಎಂದು ಶುರುಮಾಡಿದವರು ಮಗುವಿನ ಮುಖ ನೋಡಿ ನಿಲ್ಲಿಸಿ, ತಲೆ ಕೆರೆದುಕೊಂಡು, "ನೀನು ಬಿಸಿಲಿಗೆ ಹೋಗುವಾಗ ಟೋಪಿ ಹಾಕ್ಕೊತೀಯಲ್ಲ, ಈ ಹಳದಿ ಅಂಥದ್ದೇ ಒಂದು ಟೋಪಿ" ಎಂದು ಮತ್ತೆ ಶುರುಮಾಡಿದರು.

ಪೂರ್ವ ಮುಗಿಯಿತು, ಉತ್ತರ ಮುಗಿಯಿತು, ದಕ್ಷಿಣವೂ ಮುಗಿಯಿತು. ಕೊನೆಗೆ ರಂಗಿಯ ಮಗ್ಗುಲು. ಸೇತುರಾಮ ಕೂಗಿದರು, ಸೊನ್ನೆ. ಮತ್ತೆ ಕೂಗಿದರು, ಸೊನ್ನೆ. ಮಕ್ಕಳೂ ಜೊತೆಗೆ ಸೊನ್ನೆ ಎಂದು ಹಾಡತೊಡಗಿದರು. ಭೂತಗನ್ನಡಿ ಚೈತ್ರಳ ಕೈಯಲ್ಲಿತ್ತು. ದಿನವಿಡೀ ಹುಬ್ಬಿನ ಒಂದೊಂದು ಕೂದಲನ್ನೂ ಬಿಡದೆ ಹುಡುಕುವ ಕಣ್ಣು ಅವಳದು. ಕೆಳಗಿನ ಸಾಲಿಗೆ ಬಂದವಳು ಒಂದು ಚೌಕದಲ್ಲಿ ನಿಂತುಬಿಟ್ಟಳು.

"ತಡೀರಿ. ಸೊನ್ನೆ ಅನ್ಬೇಡಿ."

ಧೃತಿ ಬಾಗಿ ನೋಡಿದಳು. ತೊಗಟೆಯ ಒಂದು ಸಣ್ಣ ಬಿರುಕಿನಲ್ಲಿ, ಸಾಸಿವೆ ಕಾಳಿನಷ್ಟು, ಬೂದಿ ಹಸಿರಿನ ಒಂದು ಚುಕ್ಕೆ. ಹೋದ ಋತುವಿನಲ್ಲಿ ಇರಲಿಲ್ಲ. ನಂದಕುಮಾರ್ ಮಂಡಿಯೂರಿ ಕೂತು ನೋಡಿದರು. ಲಕ್ಷ್ಮಿದೇವಮ್ಮ ಅವರ ಭುಜದ ಮೇಲೆ ಕೈಯೂರಿ ಬಾಗಿ ನೋಡಿದಳು.

"ರಂಗಿ ಹೋಗಿ ಎಷ್ಟೊಂದು ವರ್ಷ ಆಯ್ತು. ಈಗ ಬಂತಾ ಇದು?"

"ಇವಕ್ಕೆ ಅವಸರ ಇಲ್ಲಮ್ಮ," ಎಂದರು ನಂದಕುಮಾರ್, ಕನ್ನಡಿಯಿಂದ ಕಣ್ಣು ತೆಗೆಯದೆ.

ಲಕ್ಷ್ಮಿದೇವಮ್ಮ ಚೊಂಬು ತರಿಸಿದಳು. ಒಂದೇ ಒಂದು ಹನಿ, ಬೆರಳ ತುದಿಯಿಂದ. ಚುಕ್ಕೆ ಹಸಿರಾಯಿತು. ಧೃತಿ ಆ ಚೌಕದ ಎದುರು ಒಂದು ಎಂದು ಬರೆದಳು. ಬರೆದದ್ದನ್ನು ಜೋರಾಗಿ ಓದಿದಳು, ರಸ್ತೆಯ ಆ ತುದಿಯವರಿಗೂ ಕೇಳುವ ಹಾಗೆ.